ತಂಡ ಯಾರದು, ಬೀಗದ ಕೈ ಯಾರದು

1998ರಲ್ಲಿ ಭಾರತದ ಫುಟ್‌ಬಾಲ್ ಅಲ್ಲಿಯವರೆಗೆ ಕಾಣದಿದ್ದ ಒಂದು ವ್ಯವಹಾರ ನಡೆಯಿತು. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಸಮೂಹ ಕೋಲ್ಕತ್ತದ ಮೋಹನ್ ಬಾಗಾನ್ ಫುಟ್‌ಬಾಲ್ ತಂಡದಲ್ಲಿ ಅರ್ಧ ಪಾಲು ಕೊಂಡಿತು. ಅದರ ಬದ್ಧವೈರಿ ಈಸ್ಟ್ ಬೆಂಗಾಲ್‌ನ ಅರ್ಧ ಪಾಲನ್ನೂ ಅದೇ ಸಮೂಹ ಕೊಂಡಿತು. ಒಂದು ತಂಡದ ಹೆಸರಿನ ಮುಂದೆ ಮೆಕ್‌ಡೊವೆಲ್ ಸೇರಿತು, ಇನ್ನೊಂದರ ಮುಂದೆ ಕಿಂಗ್‌ಫಿಷರ್. ಈಸ್ಟ್ ಬೆಂಗಾಲ್ ಗೆದ್ದ ದಿನ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದ ದಿನ ಸಿಗಡಿ ಎಂದು ಅಡುಗೆಮನೆಯವರೆಗೂ ಪಕ್ಷ ಕಟ್ಟುವ ಊರು ಅದು. ಅಂಥ ಊರಿನ ಎರಡು ಪಾಳೆಯಗಳ ಖರ್ಚೂ ವಿಜಯ್ ಮಲ್ಯ ಅವರ ಒಂದೇ ಖಜಾನೆಯಿಂದ ನಡೆಯತೊಡಗಿತು.

ಆಗ ಬೆಂಗಳೂರಿನಲ್ಲಿ ಏನಿತ್ತು? ಆಟಗಾರರಿದ್ದರು, ಲೀಗ್ ಇತ್ತು, ಕಾರ್ಖಾನೆಗಳ ತಂಡಗಳಿದ್ದವು. ಊರು ತನ್ನದೆಂದು ಕರೆದುಕೊಳ್ಳುವ, ಊರಿನ ಹೆಸರು ಹೊತ್ತು ದೇಶದ ಅಗ್ರ ಲೀಗಿನಲ್ಲಿ ಆಡುವ ಕ್ಲಬ್ ಮಾತ್ರ ಇರಲಿಲ್ಲ. ಬೆಂಗಳೂರಿನ ಹಣ ಕೋಲ್ಕತ್ತಕ್ಕೆ ಹೋಯಿತು. ಅದಕ್ಕೂ ಅರ್ಧ ಶತಮಾನ ಮೊದಲೇ ಬೆಂಗಳೂರಿನ ಹುಡುಗರು ಅದೇ ದಾರಿ ಹಿಡಿದಿದ್ದರು. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಪಂದ್ಯಗಳ ಫಲಿತಾಂಶಕ್ಕಿಂತ ತಂಡಗಳ ಒಡೆತನದ ಕಾಗದಪತ್ರಗಳನ್ನು ನೋಡುವುದು ಲೇಸು.

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ದಂಡಿನ ಜೊತೆ. 1809ರಲ್ಲಿ ಬ್ರಿಟಿಷರ ಸೈನ್ಯ ಹಲಸೂರಿನ ಬಳಿ ನೆಲೆಯೂರಿತು. ಸಿಪಾಯಿಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರು ಕ್ರಮೇಣ ಬರಿಗಾಲಲ್ಲೇ ಆಟ ಕಲಿತರು. ಗೌತಮಪುರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳಲ್ಲಿ ಇವತ್ತಿಗೂ ಕ್ರಿಕೆಟ್ಟಿಗಿಂತ ಫುಟ್‌ಬಾಲಿಗೇ ಮರ್ಯಾದೆ ಹೆಚ್ಚು. ಗೌತಮಪುರದ ಬೀದಿಯಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಜೊತೆಗೆ ಪೆಲೆಯ ಪ್ರತಿಮೆಯೂ ಇದೆ.

ಈ ದಂಡು ಪ್ರದೇಶದಿಂದ ಎದ್ದ ಕ್ಲಬ್ಬೇ ಬ್ಯಾಂಗಲೋರ್ ಮುಸ್ಲಿಮ್ಸ್. ಬೊಂಬಾಯಿಯಲ್ಲಿ 1891ರಲ್ಲಿ ಶುರುವಾದ ರೋವರ್ಸ್ ಕಪ್ಪನ್ನು ದಶಕಗಳ ಕಾಲ ಬ್ರಿಟಿಷ್ ರೆಜಿಮೆಂಟುಗಳೇ ಹಂಚಿಕೊಂಡು ಬಂದಿದ್ದವು. 1937ರಲ್ಲಿ ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ ಇದು. ಫೈನಲ್ಲಿನಲ್ಲಿ ಇದು ಮಣಿಸಿದ್ದು ಕಲ್ಕತ್ತ ಲೀಗನ್ನು ವರ್ಷದಿಂದ ವರ್ಷಕ್ಕೆ ಗೆಲ್ಲುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು. ಮರುವರ್ಷ ಮತ್ತೆ ಗೆದ್ದರು, 1948ರಲ್ಲಿ ಮೂರನೆಯ ಸಲ. ಮೋಹನ್ ಬಾಗಾನ್ 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಸೋಲಿಸಿದ್ದು ಶಾಲಾಮಕ್ಕಳಿಗೂ ಗೊತ್ತು. 1937ರ ಗೆಲುವನ್ನು ನೆನೆಯುವವರು ಬೆಂಗಳೂರಿನಲ್ಲೇ ವಿರಳ. ಇದು ಬೇಸರದ ಸಂಗತಿ.

ಆ ಪೀಳಿಗೆಯ ಆಟಗಾರರನ್ನು ನೋಡಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಸಾಲೇ, ಧನರಾಜ್ ಅವರೊಂದಿಗೆ ಅವರನ್ನೂ ಸೇರಿಸಿ ಕೋಲ್ಕತ್ತ ‘ಪಂಚಪಾಂಡವರು’ ಎಂದು ಕೊಂಡಾಡಿತು. ರಾಮನ್ ಮೋಹನ್ ಬಾಗಾನ್‌ಗೆ ಹೋದರು. ಮುಂದೆ ಅರುಮೈನಾಯಗಂ, ಕಣ್ಣನ್, ಉಲಗನಾಥನ್ ಕೂಡ ಅದೇ ರೈಲು ಹತ್ತಿದರು. ಕೋಲ್ಕತ್ತದ ಕ್ಲಬ್‌ಗಳಿಗೆ ಸಾವಿರಾರು ಸದಸ್ಯರು, ಟಿಕೆಟ್ ಹಣ, ಪತ್ರಿಕೆಗಳ ಪ್ರಚಾರ ಎಲ್ಲ ಇತ್ತು. ಬೆಂಗಳೂರಿನ ಮೊಹಲ್ಲಾ ಕ್ಲಬ್ಬಿಗೆ ಪ್ರತಿಭೆ ಬೆಳೆಸುವ ಶಕ್ತಿಯಿತ್ತು, ಅದನ್ನು ಉಳಿಸಿಕೊಳ್ಳುವ ಶಕ್ತಿಯಿರಲಿಲ್ಲ.

ಆ ಶಕ್ತಿ ಇನ್ನೊಂದು ಕಡೆಯಿಂದ ಬಂತು. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ (ಎಚ್‌ಎಎಲ್), 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಬೆಂಗಳೂರಿನ ಪೂರ್ವ, ಉತ್ತರ ದಿಕ್ಕುಗಳಲ್ಲಿ ಒಂದರ ಹಿಂದೆ ಒಂದು ಸರ್ಕಾರಿ ಕಾರ್ಖಾನೆಗಳು ಎದ್ದವು. ಅವುಗಳೊಂದಿಗೆ ವಸತಿ ಕಾಲೊನಿ, ಆಸ್ಪತ್ರೆ, ಶಾಲೆ, ಆಟದ ಮೈದಾನಗಳೂ ಬಂದವು. ಕಾರ್ಖಾನೆಯ ತಂಡಕ್ಕೆ ಒಳ್ಳೆಯ ಆಟಗಾರ ಬೇಕು, ಆಟಗಾರನಿಗೆ ಕೆಲಸ ಬೇಕು. ಕ್ರೀಡಾ ಕೋಟಾದಲ್ಲಿ ನೇಮಕಾತಿ, ಬೆಳಿಗ್ಗೆ ಹಾಜರಿ, ಮಧ್ಯಾಹ್ನದ ಮೇಲೆ ಅಭ್ಯಾಸಕ್ಕೆ ಬಿಡುವು, ಊರೂರಿನ ಟೂರ್ನಿಗಳಿಗೆ ವಿಶೇಷ ರಜೆ. ಸೈನ್ಯದ ಎಂಇಜಿ, ಎಎಸ್‌ಸಿ ಕೇಂದ್ರಗಳ ತಂಡಗಳೂ ಇದೇ ಲೀಗಿನಲ್ಲಿ ಆಡುತ್ತಿದ್ದವು.

ಈ ಏರ್ಪಾಡನ್ನು ಈಗಿನ ವೃತ್ತಿಪರರು ಹಗುರವಾಗಿ ಕಾಣುವುದುಂಟು. ಅದು ಸರಿಯಲ್ಲ. ಮೂವತ್ತೆರಡಕ್ಕೆ ಮಂಡಿ ಕೈಕೊಟ್ಟ ಆಟಗಾರನಿಗೆ ಅರವತ್ತರ ಹತ್ತಿರದವರೆಗೆ ಸಂಬಳ ಬರುತ್ತಿತ್ತು, ಮಕ್ಕಳ ಓದು ನಿಲ್ಲುತ್ತಿರಲಿಲ್ಲ. ಮರ್ಫಿ ಟೌನಿನ ಬಡ ಮನೆಯೊಂದಕ್ಕೆ ಫುಟ್‌ಬಾಲ್ ತಂದುಕೊಟ್ಟ ಅತಿ ದೊಡ್ಡ ಬಹುಮಾನ ಕಪ್ ಅಲ್ಲ, ಎಚ್‌ಎಎಲ್‌ನ ಖಾಯಂ ನೌಕರಿ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ರಾಜ್ಯ 1946-47, 1952-53, 1967-68 ಮತ್ತು 1968-69ರಲ್ಲಿ ಗೆದ್ದಿತು. ಆ ಕಡೆಯ ಎರಡು ಗೆಲುವುಗಳು ಬಂದದ್ದು ಕಾರ್ಖಾನೆಯೂರು ತನ್ನ ಉಚ್ಛ್ರಾಯದಲ್ಲಿದ್ದ ಕಾಲದಲ್ಲಿ.

ಆದರೆ ಆ ತಂಡಗಳಿಗೆ ಮಾಲೀಕರೆಂದು ಯಾರಿದ್ದರು? ನೌಕರರ ಕಲ್ಯಾಣಕ್ಕೆಂದು ತೆಗೆದಿಟ್ಟ ಹಣದಲ್ಲಿ ತಂಡ ನಡೆಯುತ್ತಿತ್ತು, ತೀರ್ಮಾನಗಳು ಆಡಳಿತ ಕಚೇರಿಯಲ್ಲಿ ಆಗುತ್ತಿದ್ದವು. ಟಿಕೆಟ್ ಹಣದ ಚಿಂತೆಯಿಲ್ಲದ್ದರಿಂದ ಪ್ರೇಕ್ಷಕರನ್ನು ಬೆಳೆಸುವ ಅಗತ್ಯವೂ ಬೀಳಲಿಲ್ಲ. ವಿಮಾನ ತಯಾರಿಸುವ ಕಂಪನಿಗೂ ಟೆಲಿಫೋನ್ ತಯಾರಿಸುವ ಕಂಪನಿಗೂ ಫುಟ್‌ಬಾಲ್ ಒಂದು ಒಳ್ಳೆಯ ಹವ್ಯಾಸವಾಗಿತ್ತೇ ಹೊರತು ಉದ್ಯಮವಾಗಿರಲಿಲ್ಲ. ಹವ್ಯಾಸಕ್ಕೆ ಹಣ ಉಳಿಯುವುದು ಮನೆ ಚೆನ್ನಾಗಿ ನಡೆಯುವವರೆಗೆ ಮಾತ್ರ.

1991ರ ನಂತರ ಆ ಮನೆಗಳ ಸ್ಥಿತಿ ಬದಲಾಯಿತು. ಹೊಸ ನೇಮಕಾತಿ ಬಿಗಿಯಾಯಿತು, ಸ್ವಯಂನಿವೃತ್ತಿ ಯೋಜನೆಗಳು ಬಂದವು. ದೇಶಕ್ಕೆಲ್ಲ ದೂರವಾಣಿ ಉಪಕರಣ ಒದಗಿಸುತ್ತಿದ್ದ ಐಟಿಐ ಖಾಸಗಿ ಸ್ಪರ್ಧೆಯಲ್ಲಿ ಸೊರಗಿ ರೋಗಗ್ರಸ್ತ ಉದ್ದಿಮೆಗಳ ಸಾಲಿಗೆ ಸೇರಿತು. ಎಚ್‌ಎಂಟಿಯ ಗಡಿಯಾರ ನಿಂತುಹೋದ ಕಥೆ ಎಲ್ಲರಿಗೂ ಗೊತ್ತು. ಆದರೂ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಐಟಿಐ, ಎಚ್‌ಎಎಲ್ ಎರಡೂ ಆಡಿದವು. ಎಚ್‌ಎಎಲ್ ಅಂತೂ 2010ರಲ್ಲಿ ಎರಡನೇ ದರ್ಜೆಯಿಂದ, ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ-ಲೀಗಿಗೆ ಏರಿತು. ಲಕ್ಷಾಂತರ ರೂಪಾಯಿಯ ವಿದೇಶಿ ಆಟಗಾರರಿದ್ದ ತಂಡಗಳ ಎದುರು ತಿಂಗಳ ಸಂಬಳದ ನೌಕರರು ಎರಡು ಋತು ನಿಂತರು, 2012ರಲ್ಲಿ ಹಿಂಬಡ್ತಿ ಪಡೆದರು. ಅಲ್ಲಿಗೆ ಬೆಂಗಳೂರಿನ ಕಾರ್ಖಾನೆ ಫುಟ್‌ಬಾಲಿನ ದೊಡ್ಡ ಅಧ್ಯಾಯ ಮುಗಿಯಿತು.

ಖಾಸಗಿ ಕಂಪನಿಗಳು ಇದಕ್ಕಿಂತ ಭದ್ರವಾಗಿದ್ದವೆ? ಪಂಜಾಬಿನ ಫಗ್ವಾಡದ ಜೆಸಿಟಿ ಗಿರಣಿಯ ತಂಡ 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದಿತ್ತು. ಬೈಚುಂಗ್ ಭುಟಿಯಾ, ಐ.ಎಂ. ವಿಜಯನ್ ಜೊತೆಯಾಗಿ ಆಡಿದ ತಂಡವದು. 2011ರಲ್ಲಿ ಹಿಂಬಡ್ತಿಯಾದದ್ದೇ ತಡ, ಟಿವಿಯಲ್ಲಿ ಕಾಣಿಸದ ಲೀಗಿನಿಂದ ಕಂಪನಿಗೆ ಪ್ರಚಾರ ಸಿಗುತ್ತಿಲ್ಲವೆಂದು ತಂಡವನ್ನೇ ಮುಚ್ಚಿದರು. ಮುಂಬೈಯ ಮಹೀಂದ್ರ ಯುನೈಟೆಡ್ ಕಥೆ ಇನ್ನೂ ನೋವಿನದು, ಏಕೆಂದರೆ ಅಲ್ಲಿ ಯಾವುದೂ ಕೆಟ್ಟಿರಲಿಲ್ಲ. 1962ರಲ್ಲಿ ಹುಟ್ಟಿದ ತಂಡ, 2005-06ರ ರಾಷ್ಟ್ರೀಯ ಲೀಗ್ ಚಾಂಪಿಯನ್, ಹಣವಂತ ಮಾಲೀಕರು, ಅಚ್ಚುಕಟ್ಟಾದ ಆಡಳಿತ. 2010ರಲ್ಲಿ ಕಂಪನಿ ತನ್ನ ಕ್ರೀಡಾ ವೆಚ್ಚವನ್ನು ಶಾಲಾಮಕ್ಕಳ ಫುಟ್‌ಬಾಲಿಗೆ ತಿರುಗಿಸಲು ತೀರ್ಮಾನಿಸಿತು. ತಂಡ ಇಲ್ಲವಾಯಿತು.

ಒಡೆತನದ ಚರ್ಚೆಯಲ್ಲಿ ಹೆಚ್ಚಾಗಿ ತಪ್ಪಿಹೋಗುವ ಸಂಗತಿ ಇದು. ಒಳ್ಳೆಯ ಆಡಳಿತ ತಂಡವನ್ನು ಗೆಲ್ಲಿಸುತ್ತದೆ. ತಂಡ ಬದುಕುಳಿಯುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ, ಅದಕ್ಕೆ ಉತ್ತರ ಬೀಗದ ಕೈ ಹಿಡಿದವರ ಬಳಿ ಇರುತ್ತದೆ. ಮಹೀಂದ್ರ ಯುನೈಟೆಡ್ ಮುಚ್ಚುವುದಕ್ಕೆ ಆಡಳಿತ ಮಂಡಳಿಯ ಒಂದು ನಿರ್ಧಾರ ಸಾಕಾಯಿತು. ಮೋಹನ್ ಬಾಗಾನ್ ಅಥವಾ ಈಸ್ಟ್ ಬೆಂಗಾಲನ್ನು ಹಾಗೆ ಮುಚ್ಚಲು ಯಾರಿಂದಲೂ ಆಗದು.

ಹಾಗೆಂದು ಕೋಲ್ಕತ್ತದ ಕ್ಲಬ್‌ಗಳು ಆಡಳಿತದ ಮಾದರಿಯೇನಲ್ಲ. ಅವು ಸದಸ್ಯರ ಸಂಘಗಳು. ಸದಸ್ಯರು ಓಟು ಹಾಕುತ್ತಾರೆ, ಕಾರ್ಯದರ್ಶಿ ಆಳುತ್ತಾನೆ, ಒಂದೇ ಕೂಟದ ಕೈಯಲ್ಲಿ ದಶಕಗಟ್ಟಲೆ ಅಧಿಕಾರ ಉಳಿದುಬಿಡುವುದುಂಟು. ಮಲ್ಯರ ಅರ್ಧ ಪಾಲಿನ ತೊಡಕೂ ಇಲ್ಲೇ ಇತ್ತು. ಖರ್ಚು ಕೊಡುವುದು ಒಬ್ಬರು, ಆಟಗಾರರನ್ನು ಆರಿಸುವುದು, ಕೋಚನ್ನು ತೆಗೆಯುವುದು ಮತ್ತೊಬ್ಬರು. ಐವತ್ತಕ್ಕೆ ಐವತ್ತು ಎಂದರೆ ಕೊನೆಯ ಮಾತು ಯಾರದೂ ಅಲ್ಲ. ಕಾಕತಾಳೀಯವೆಂಬಂತೆ ಅದೇ 1998ರಲ್ಲಿ ಜರ್ಮನಿಯ ಫುಟ್‌ಬಾಲ್ ಸಂಸ್ಥೆ ಕ್ಲಬ್‌ಗಳಿಗೆ ಕಂಪನಿಯಾಗಲು ಅನುಮತಿ ಕೊಟ್ಟು ಒಂದು ಷರತ್ತು ಹಾಕಿತು: ಹೊರಗಿನವರು ಎಷ್ಟೇ ಹಣ ಹೂಡಲಿ, ಮತದಾನದ ಹಕ್ಕಿನಲ್ಲಿ ಅರ್ಧ ಮತ್ತು ಅದರ ಮೇಲೊಂದು ಮತ ಸದಸ್ಯರ ಸಂಘದ ಬಳಿಯೇ ಇರಬೇಕು. ಜರ್ಮನಿಯಲ್ಲಿ ಒಂದು ಮತದಿಂದ ತೀರ್ಮಾನವಾದ ಪ್ರಶ್ನೆ ಕೋಲ್ಕತ್ತದಲ್ಲಿ ಇಪ್ಪತ್ತು ವರ್ಷ ಎಳೆದಾಡಿತು.

ಈ ನಡುವೆ 2013 ಬಂತು. ಏಷ್ಯಾದ ಫುಟ್‌ಬಾಲ್ ಒಕ್ಕೂಟದ (ಎಎಫ್‌ಸಿ) ಪರವಾನಗಿ ನಿಯಮಗಳನ್ನು ಪೂರೈಸಲಿಲ್ಲವೆಂದು ಏರ್ ಇಂಡಿಯಾ, ಒಎನ್‌ಜಿಸಿ ತಂಡಗಳನ್ನು ಐ-ಲೀಗಿನಿಂದ ಕೈಬಿಟ್ಟರು. ಅದೇ ವರ್ಷ ಬೆಂಗಳೂರಿನಿಂದ ಹೊಸ ಕಂಪನಿ ತಂಡಕ್ಕೆ ನೇರ ಪ್ರವೇಶ ಕೊಟ್ಟರು. ಒಂದು ಯುಗದ ತಂಡಗಳು ಹಿಂಬಾಗಿಲಿನಿಂದ ಹೋಗುತ್ತಿದ್ದಾಗ ಇನ್ನೊಂದು ಯುಗದ ತಂಡ ಮುಂಬಾಗಿಲಿನಿಂದ ಬಂತು. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ ನಡೆಸುವ ಜೆಎಸ್‌ಡಬ್ಲ್ಯು ಸಮೂಹ 2013ರ ಜುಲೈ 20ರಂದು ಬೆಂಗಳೂರು ಎಫ್‌ಸಿಯನ್ನು ಹುಟ್ಟುಹಾಕಿತು. ಮುಂದಾಳತ್ವ ಪಾರ್ಥ್ ಜಿಂದಾಲ್ ಅವರದು. ಮ್ಯಾಂಚೆಸ್ಟರ್ ಯುನೈಟೆಡ್‌ನ ಯುವ ತಂಡದಲ್ಲಿ ಬೆಳೆದ ಆಶ್ಲಿ ವೆಸ್ಟ್‌ವುಡ್ ಕೋಚ್, ಸುನಿಲ್ ಛೆಟ್ರಿ ನಾಯಕ.

ಛೆಟ್ರಿಯ ವೃತ್ತಿಬದುಕೇ ಭಾರತದ ಕ್ಲಬ್ ಒಡೆತನದ ಒಂದು ಚರಿತ್ರೆ. ಶುರುವಾದದ್ದು ಮೋಹನ್ ಬಾಗಾನ್‌ನಲ್ಲಿ. ಆಮೇಲೆ ಜೆಸಿಟಿ, ಅದು ಮುಚ್ಚಿತು. ಈಸ್ಟ್ ಬೆಂಗಾಲ್, ಗಣಿ ಮನೆತನದ ಡೆಂಪೊ, ಆಮೇಲೆ ಪ್ರಾಯೋಜಕರು ಬದಲಾದಂತೆ ಚಿರಾಗ್ ಯುನೈಟೆಡ್, ಪ್ರಯಾಗ್ ಯುನೈಟೆಡ್ ಎಂದು ಹೆಸರನ್ನೇ ಬದಲಿಸಿಕೊಂಡ ಕೋಲ್ಕತ್ತದ ಇನ್ನೊಂದು ತಂಡ. ಹೀಗೆ ಊರೂರು ಅಲೆದವರು ಬೆಂಗಳೂರಿನಲ್ಲಿ ಹತ್ತು ವರ್ಷಕ್ಕೂ ಮೀರಿ ನೆಲೆ ನಿಂತರು.

ಕಾರಣವಿಲ್ಲದೆ ನಿಲ್ಲಲಿಲ್ಲ. ಬೆಂಗಳೂರು ಎಫ್‌ಸಿ ತನ್ನ ಮೊದಲ ಋತುವಿನಲ್ಲೇ, 2014ರ ಏಪ್ರಿಲ್‌ನಲ್ಲಿ ಮಡಗಾಂವಿನಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿ ಐ-ಲೀಗ್ ಗೆದ್ದಿತು. 2015-16ರಲ್ಲಿ ಮತ್ತೆ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ಬಿಗೆ ಒಂದೇ ಗೋಲಿನಿಂದ ಸೋತಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗ್ ಕೂಡ ಬಂತು. ಒಬ್ಬರೇ ಮಾಲೀಕರು, ದೃಢವಾದ ಯೋಜನೆ, ಕೋಚ್‌ನ ಕೆಲಸದಲ್ಲಿ ಕೈಯಾಡಿಸದ ಆಡಳಿತ ಏನು ಮಾಡಬಲ್ಲದೆಂಬುದನ್ನು ಆ ಆರು ವರ್ಷಗಳು ತೋರಿಸಿದವು. ಅದಕ್ಕಿಂತ ದೊಡ್ಡದೆಂದರೆ, ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನಿಂತು ತೊಂಬತ್ತು ನಿಮಿಷ ಹಾಡುವ ವೆಸ್ಟ್ ಬ್ಲಾಕ್ ಬ್ಲೂಸ್ ಎಂಬ ಬಳಗ. ಕಾರ್ಖಾನೆ ತಂಡಗಳು ಅರ್ಧ ಶತಮಾನದಲ್ಲಿ ಕಟ್ಟಲಾಗದ್ದನ್ನು ಈ ಕ್ಲಬ್ ಎರಡು ಋತುಗಳಲ್ಲಿ ಕಟ್ಟಿತು: ಊರಿಗೊಂದು ತಂಡ ಎಂಬ ಭಾವನೆ.

2015ರ ಮೇ 31ರ ಸಂಜೆ ಅದೇ ಕಂಠೀರವದಲ್ಲಿ ಎರಡು ಬಗೆಯ ಒಡೆತನಗಳು ಎದುರುಬದುರಾದವು. ಐ-ಲೀಗಿನ ಕೊನೆಯ ಪಂದ್ಯ. ಬೆಂಗಳೂರಿಗೆ ಗೆಲುವು ಬೇಕು, ಮೋಹನ್ ಬಾಗಾನ್‌ಗೆ ಡ್ರಾ ಸಾಕು. ಒಂದು ಕಡೆ ತಿಂಗಳು ತಪ್ಪದೆ ಸಂಬಳ ಕೊಡುವ ಕಂಪನಿಯ ಕ್ಲಬ್. ಇನ್ನೊಂದು ಕಡೆ ಸಂಬಳದ ಬಾಕಿಯಲ್ಲೇ ಋತು ದೂಡಿದ ಹಳೆಯ ಸಂಘ. ಜಾನ್ ಜಾನ್ಸನ್ ಗೋಲಿನಿಂದ ಬೆಂಗಳೂರು ಮುಂದಿತ್ತು. 87ನೇ ನಿಮಿಷದಲ್ಲಿ ಬೆಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದರು. 13 ವರ್ಷಗಳ ನಂತರ ಮೋಹನ್ ಬಾಗಾನ್ ರಾಷ್ಟ್ರೀಯ ಚಾಂಪಿಯನ್. ಹಣವೂ ಶಿಸ್ತೂ ಇದ್ದಲ್ಲೇ ಯಾವಾಗಲೂ ಗೆಲುವು ಎನ್ನುವವರು ಆ ಪಂದ್ಯವನ್ನು ನೆನಪಿಡಬೇಕು.

ಆದರೆ ಒಂದು ಕಪ್ಪಿನಿಂದ ಸಂಘದ ಹಣಕಾಸು ಸರಿಹೋಗಲಿಲ್ಲ. 2020ರ ಜನವರಿಯಲ್ಲಿ ಸಂಜೀವ್ ಗೋಯೆಂಕಾ ಅವರ ಸಮೂಹ ಮೋಹನ್ ಬಾಗಾನ್ ಫುಟ್‌ಬಾಲಿನ ಶೇ. 80 ಪಾಲು ಪಡೆಯಿತು, ಶೇ. 20 ಸದಸ್ಯರ ಸಂಘದ ಬಳಿ ಉಳಿಯಿತು. ಗೋಯೆಂಕಾ ಆಗಲೇ ನಡೆಸುತ್ತಿದ್ದ ಎಟಿಕೆ ತಂಡದ ಹೆಸರು ಮೋಹನ್ ಬಾಗಾನ್ ಮುಂದೆ ಬಂದು ಕೂತಿತು. ಹಸಿರು-ಮರೂನ್ ಬಣ್ಣ ಉಳಿದರೂ 1889ರ ಹೆಸರಿಗೆ ಮೂರು ಅಕ್ಷರದ ಬಾಲ ಮುಂದಿನಿಂದ ಅಂಟಿದ್ದು ಬೆಂಬಲಿಗರಿಗೆ ಸಹಿಸಲಾಗಲಿಲ್ಲ. ಪ್ರತಿಭಟನೆ ವರ್ಷಗಟ್ಟಲೆ ನಡೆಯಿತು. 2023ರ ಮಾರ್ಚ್‌ನಲ್ಲಿ ಗೋವಾದಲ್ಲಿ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸೂಪರ್ ಲೀಗ್ ಕಪ್ ಗೆದ್ದ ರಾತ್ರಿಯೇ ಗೋಯೆಂಕಾ ಎಟಿಕೆ ಹೆಸರು ತೆಗೆಯುವುದಾಗಿ ಘೋಷಿಸಿದರು. ಶೇ. 80 ಪಾಲಿನವರು ಹೆಸರಿನ ವಿಷಯದಲ್ಲಿ ಮಣಿದರು. 2025ರ ಏಪ್ರಿಲ್‌ನಲ್ಲಿ ಮತ್ತೆ ಫೈನಲ್, ಮತ್ತೆ ಎದುರಾಳಿ ಬೆಂಗಳೂರು, ಮತ್ತೆ ಬಾಗಾನ್‌ಗೆ ಕಪ್. ಆ ಸಲ ಲೀಗ್ ಶೀಲ್ಡ್ ಕೂಡ ಅವರದೇ.

ಈಸ್ಟ್ ಬೆಂಗಾಲ್ ಅದೇ ಅವಧಿಯಲ್ಲಿ ಮೂವರು ಪಾಲುದಾರರನ್ನು ಕಂಡಿತು. 2018ರಲ್ಲಿ ಬೆಂಗಳೂರಿನ ಕ್ವೆಸ್ ಕಾರ್ಪ್ ಶೇ. 70 ಪಾಲು ಕೊಂಡಿತು. ಮೊದಲ ಋತುವಿನಲ್ಲೇ ತಂಡ ಐ-ಲೀಗಿನಲ್ಲಿ ಎರಡನೆಯದಾಯಿತು, ಚೆನ್ನೈ ಸಿಟಿಗಿಂತ ಒಂದೇ ಅಂಕ ಹಿಂದೆ. ಆದರೂ ಕಂಪನಿಗೂ ಪದಾಧಿಕಾರಿಗಳಿಗೂ ಹೊಂದಲಿಲ್ಲ, 2020ರಲ್ಲಿ ಸಂಬಂಧ ಮುರಿಯಿತು. ಆಮೇಲೆ ಬಂದ ಶ್ರೀ ಸಿಮೆಂಟ್ ತಂಡವನ್ನು ಸೂಪರ್ ಲೀಗಿಗೆ ಸೇರಿಸಿತು, ಅಂತಿಮ ಒಪ್ಪಂದಕ್ಕೆ ಮಾತ್ರ ಕ್ಲಬ್ಬಿನ ಪದಾಧಿಕಾರಿಗಳು ಸಹಿ ಹಾಕಲೇ ಇಲ್ಲ. 2021ರ ಜುಲೈನಲ್ಲಿ ಅವರ ವಿರುದ್ಧ ಬೆಂಬಲಿಗರೇ ಬೀದಿಗಿಳಿದರು, ಪೊಲೀಸರು ಲಾಠಿ ಬೀಸಿದರು. ತಂಡ ಆ ಋತುವಿನಲ್ಲಿ ಕೊನೆಯ ಸ್ಥಾನಕ್ಕೆ ಕುಸಿಯಿತು. 2022ರಲ್ಲಿ ಇಮಾಮಿ ಬಂತು. ಬೆಂಗಳೂರಿಗೆ ಸೂಪರ್ ಲೀಗ್ ಗೆದ್ದುಕೊಟ್ಟಿದ್ದ ಕಾರ್ಲೆಸ್ ಕ್ವಾಡ್ರಾಟ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಸದಸ್ಯರ ಸಂಘವೂ ಕೆಲವೇ ಜನರ ಮುಷ್ಟಿಯಲ್ಲಿ ಸಿಕ್ಕಿಬೀಳಬಹುದು ಎಂಬುದಕ್ಕೆ ಸಹಿಯಾಗದ ಆ ಒಪ್ಪಂದವೊಂದೇ ಸಾಕು. ಆದರೂ ಒಂದು ವ್ಯತ್ಯಾಸ ಇದ್ದೇ ಇದೆ: ಮೂವರು ಹಣವಂತರು ಬಂದರು, ಇಬ್ಬರು ಹೋದರು, 1920ರ ಕ್ಲಬ್ ಇದ್ದಲ್ಲೇ ಇದೆ.

ಇದ್ದಲ್ಲಿ ಎಂದರೆ ಕೋಲ್ಕತ್ತ ಮೈದಾನದ ಡೇರೆಯಲ್ಲಿ. ಆ ನೆಲ ಕ್ಲಬ್ಬಿನದಲ್ಲ, ಸೈನ್ಯದ್ದು. ಬೆಂಗಳೂರು ಎಫ್‌ಸಿಗೂ ಸ್ವಂತ ಅಂಗಳವಿಲ್ಲ. ಕಂಠೀರವ ಸರ್ಕಾರದ್ದು, ಅದರ ಓಟದ ಹಾದಿ ಅಥ್ಲೀಟ್‌ಗಳದ್ದು, ಯಾರಿಗೆ ಎಷ್ಟು ಹೊತ್ತು ಎಂಬ ತಗಾದೆ ಹೈಕೋರ್ಟಿನವರೆಗೂ ಹೋಯಿತು. ನೆಲವಿಲ್ಲದ ಕ್ಲಬ್ಬಿಗೆ ಊರು ಬಿಡುವುದು ಸುಲಭ. ದಿಲ್ಲಿಯ ಡೈನಮೋಸ್ 2019ರಲ್ಲಿ ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಪುಣೆ ಸಿಟಿ ಮುಚ್ಚಿದ ವರ್ಷವೇ ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. 2022ರಲ್ಲಿ ಸೂಪರ್ ಲೀಗ್ ಗೆದ್ದ ಆ ತಂಡ ಸಂಬಳ ಕೊಡಲಾಗದೆ ಕುಸಿದು 2025ರಲ್ಲಿ ದಿಲ್ಲಿಗೆ ಸ್ಥಳಾಂತರವಾಯಿತು. ಹೈದರಾಬಾದಿನ ಪ್ರೇಕ್ಷಕರನ್ನು ಯಾರೂ ಕೇಳಲಿಲ್ಲ, ಕೇಳಬೇಕೆಂಬ ನಿಯಮವೂ ಇರಲಿಲ್ಲ.

2025ರ ಮಳೆಗಾಲ ಬೆಂಗಳೂರಿಗೂ ಆ ಆತಂಕ ತಂದಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 2010ರಲ್ಲಿ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಕ್ಕೆ, 700 ಕೋಟಿ ರೂಪಾಯಿಗೆ ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಬರೆದುಕೊಟ್ಟಿತ್ತು. ಅವಧಿ ಮುಗಿಯುತ್ತ ಬಂದರೂ ನವೀಕರಣ ಆಗಲಿಲ್ಲ, ಜುಲೈನಲ್ಲಿ ಸೂಪರ್ ಲೀಗನ್ನು ತಡೆಹಿಡಿದರು. ಆಗಸ್ಟ್ ಮೊದಲ ವಾರ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸಿತು. ಕಿರಿಯರ ತಂಡಗಳಿಗೂ ತರಬೇತಿ ಶಾಲೆಗಳಿಗೂ ಧಕ್ಕೆಯಿಲ್ಲವೆಂದು ಹೇಳಿತು. ದೇಶದಲ್ಲೇ ಅಚ್ಚುಕಟ್ಟೆಂದು ಹೆಸರಾದ ಕ್ಲಬ್ ಅದು. ತಪ್ಪು ಅದರದೊಂದೇ ಅಲ್ಲ, ಲೀಗಿನ ಒಡೆತನವೇ ಅತಂತ್ರವಾದಾಗ ಒಳಗಿನ ಕ್ಲಬ್ಬಿನ ಶಿಸ್ತು ಎಷ್ಟು ತಾಳೀತು?

ಆ ವಾರಗಳಲ್ಲಿ ವೆಸ್ಟ್ ಬ್ಲಾಕಿನ ಹುಡುಗರಿಗೆ ಕ್ಲಬ್ಬಿನ ಪ್ರಕಟಣೆ ಓದುವುದರ ಹೊರತು ಬೇರೆ ದಾರಿಯಿರಲಿಲ್ಲ. ಅವರಿಗೆ ಓಟಿಲ್ಲ, ಪಾಲಿಲ್ಲ, ಆಡಳಿತ ಮಂಡಳಿಯಲ್ಲಿ ಕುರ್ಚಿಯಿಲ್ಲ. ಜಿಂದಾಲ್ ಮನೆತನಕ್ಕೆ ಫುಟ್‌ಬಾಲಿನ ಮೇಲಿರುವ ಪ್ರೀತಿಯನ್ನು ಸಂಶಯಿಸಬೇಕಾಗಿಲ್ಲ. ಆದರೆ ಮಹೀಂದ್ರ ಮನೆತನಕ್ಕೂ ಪ್ರೀತಿಯಿತ್ತು, ಎಚ್‌ಎಎಲ್‌ನ ಅಧಿಕಾರಿಗಳಿಗೂ ಇತ್ತು. ಸಾವಿರಾರು ಜನ ಬೆಳೆಸಿದ ತಂಡವೊಂದು ಮತ್ತೆ ಒಂದು ಕಚೇರಿಯ ಒಲವನ್ನೇ ನೆಚ್ಚಿಕೊಳ್ಳಬೇಕಾದ ಕಾರಣವಿಲ್ಲ. ಕಂಠೀರವ ಸಾರ್ವಜನಿಕರ ಸ್ವತ್ತು. ಅದರ ಬಳಕೆಯ ಒಪ್ಪಂದ ಮುಂದಿನ ಸಲ ರಾಜ್ಯ ಸರ್ಕಾರದ ಮುಂದೆ ಬಂದಾಗ ಬಾಡಿಗೆಯ ಮೊತ್ತದ ಜೊತೆಗೆ ಇನ್ನೊಂದು ಷರತ್ತನ್ನೂ ಸೇರಿಸಬಹುದು: ನೋಂದಾಯಿತ ಬೆಂಬಲಿಗರ ಸಂಘಕ್ಕೆ ಕ್ಲಬ್ಬಿನಲ್ಲಿ ಒಂದು ಪಾಲು, ಮತ್ತು ಆ ಸಂಘದ ಒಪ್ಪಿಗೆಯಿಲ್ಲದೆ ತಂಡದ ಹೆಸರನ್ನಾಗಲಿ, ನೀಲಿ ಬಣ್ಣವನ್ನಾಗಲಿ, ಊರನ್ನಾಗಲಿ ಬದಲಿಸುವಂತಿಲ್ಲ.